ತೊಳೆಸಿ ಕೊಂಡ ಎಂಜಿನ್

"ಬುದ್ಧಿ, ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ, ನಾಲ್ಕು ಕಡೆ ವಿಚಾರಿಸಿ ತಿಳಿದುಕೊಂಡ ಮೇಲೂ ಒಬ್ಬರು ಮೋಸಹೋಗುವುದು ಹೇಗೆ?"

ಹೀಗೆ ಕೇಳಿದವರು ಶಾಂಭವಮ್ಮ. ಚಿಕ್ಕ ವಯಸ್ಸಿನಿಂದಲೂ ಗುರುಗಳ ಮಠಕ್ಕೆ ನಡೆದುಕೊಂಡವರು. ಅವರ ಮನೆಯ ಅಚ್ಚುಕಟ್ಟು ಊರಿನಲ್ಲೆಲ್ಲ ಹೆಸರಾಗಿತ್ತು. ಉಳಿದ ಭಕ್ತರು ಎದ್ದು ಹೋಗುವವರೆಗೆ ಕಾದಿದ್ದು, ಆಮೇಲೆ ಗುರುಗಳ ಎದುರಿಗೆ ನೆಟ್ಟಗೆ ಕುಳಿತು ಈ ಪ್ರಶ್ನೆ ಕೇಳಿದರು.

"ಯಾರು ಮೋಸ ಮಾಡಿದರು, ತಾಯಿ?" ಎಂದರು ಗುರುಗಳು.

"ನನ್ನ ಮಗಳು."

ಶಾಂಭವಮ್ಮ ಮುಂದುವರಿಸಿದರು.

"ಮಂದಾಕಿನಿಯ ಮದುವೆ ನಿಮ್ಮ ಸನ್ನಿಧಿಯಲ್ಲೇ ಆಯಿತು. ಹಬ್ಬಹಬ್ಬಕ್ಕೂ ತವರಿಗೆ ಬಂದಳು. ಪ್ರತಿ ಸಲವೂ ನಾನೇ ಎದುರಿಗೆ ಕೂರಿಸಿಕೊಂಡು ಕೇಳಿದೆ. ಗಂಡ ಹೇಗಿದ್ದಾನೆ ಎಂದರೆ ಚೆನ್ನಾಗಿದ್ದಾರೆ ಎಂದಳು. ಅತ್ತೆ ಹೇಗೆ ಎಂದರೆ ಒಳ್ಳೆಯವರು ಎಂದಳು. ನಾನು ಅಷ್ಟಕ್ಕೇ ಬಿಡಲಿಲ್ಲ. ಅಳಿಯನನ್ನು ಬೇರೆಯಾಗಿ ಮಾತನಾಡಿಸಿದೆ. ಅವರ ಬೀದಿಯವರನ್ನು ವಿಚಾರಿಸಿದೆ. ಎಲ್ಲೂ ಒಂದು ಕುಂದು ಸಿಗಲಿಲ್ಲ. ಕಳೆದ ವಾರ ಒಂದು ಚೀಲ ಹಿಡಿದು ಬಂದು, ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದಳು. ಮೊದಲ ವರ್ಷದಿಂದಲೇ ಅವಳಿಗೆ ಅಲ್ಲಿ ಸುಖವಿರಲಿಲ್ಲವಂತೆ. ಇದು ನಮ್ಮ ಎದುರು ಮನೆಯ ಬಟ್ಟೆ ಹೊಲಿಯುವವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ."

"ಯಾಕೆ ಹೇಳಲಿಲ್ಲ ಎಂದು ಮಗಳನ್ನು ಕೇಳಿದಿರಾ?"

"ಕೇಳಿದೆ. ಸುಮ್ಮನೆ ನನ್ನನ್ನು ನೋಡಿದಳು. ಆವತ್ತಿನಿಂದ ನನ್ನೊಂದಿಗೆ ಮಾತೇ ಇಲ್ಲ. ಊಟದ ಹೊತ್ತಿಗೆ ತಟ್ಟೆ ತೆಗೆದುಕೊಂಡು ಕೋಣೆಗೆ ಹೋಗುತ್ತಾಳೆ. ಬುದ್ಧಿ, ನಮ್ಮ ಮನೆಯಲ್ಲಿ ಅತ್ತು ಕರೆದು ರಂಪ ಮಾಡುವ ಪದ್ಧತಿ ಇಲ್ಲ. ನಾನೂ ಅಳುವುದಿಲ್ಲ. ಆದರೆ ನನ್ನ ಪರೀಕ್ಷೆ ಎಲ್ಲಿ ತಪ್ಪಿತು ಎಂಬುದು ನನಗೆ ತಿಳಿಯಬೇಕು. ಅದು ತಿಳಿಯದೆ ಆ ಕೋಣೆಯ ಬಾಗಿಲು ತಟ್ಟುವ ಧೈರ್ಯ ನನಗಿಲ್ಲ."

ಗುರುಗಳು ಒಂದು ಕತೆ ಹೇಳತೊಡಗಿದರು.

ದೊಡ್ಡದೊಂದು ಅಣೆಕಟ್ಟಿನ ಹಿನ್ನೀರಿನಲ್ಲಿ ಒಬ್ಬ ಲಾಂಚು ನಡೆಸುತ್ತಿದ್ದ. ಈಚೆ ದಡದಲ್ಲಿ ಪೇಟೆ, ಆಸ್ಪತ್ರೆ, ಕಚೇರಿ. ಆಚೆ ದಡದಲ್ಲಿ ಕೆಲವು ಹಳ್ಳಿಗಳು. ನಡುವೆ ನೀರು, ನೀರಿನ ಕೆಳಗೆ ಮುಳುಗಿದ ಕಾಡು. ಆಚೆಯವರಿಗೆ ನೆಲದ ಮೇಲೆ ದಾರಿ ಇರಲಿಲ್ಲವೆಂದಲ್ಲ. ಇತ್ತು. ಆದರೆ ಬೆಟ್ಟ ಬಳಸಿ ನಡೆದರೆ ಹಗಲು ಅದರಲ್ಲೇ ಮುಗಿಯುತ್ತಿತ್ತು. ಆದ್ದರಿಂದ ಅವರು ಲಾಂಚನ್ನೇ ನಂಬಿದ್ದರು.

ಜನರನ್ನು ದಾಟಿಸುವ ಆ ಕಡವು ಅವನಿಗೆ ತಂದೆಯಿಂದ ಬಂದದ್ದು. ಕಡವನ್ನು ಯಾರು ನಡೆಸಬೇಕು ಎಂಬುದನ್ನು ಆಚೆ ದಡದವರು ಕೂತು ತೀರ್ಮಾನಿಸುವುದು ಅಲ್ಲಿಯ ರೂಢಿ. ತಂದೆಯ ಮೇಲಿದ್ದ ನಂಬಿಕೆಯನ್ನು ಅವರು ಮಗನ ಮೇಲೂ ಇಟ್ಟಿದ್ದರು. ಅವನಿಗೆ ಬೇರೆ ಕಸುಬು ತಿಳಿದಿರಲಿಲ್ಲ. ಬೇರೆ ಕಸುಬು ಬೇಕು ಎಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ.

ಅವನು ಬಹಳ ಶುಚಿಯ ಮನುಷ್ಯ. ಲಾಂಚಿನ ಹಲಗೆಗಳನ್ನು ದಿನವೂ ತಿಕ್ಕಿ ತೊಳೆಸುತ್ತಿದ್ದ. ಹಿತ್ತಾಳೆಯ ಗಂಟೆ ಹೊಳೆಯುತ್ತಿತ್ತು. ಕಾಲು ತೊಳೆಯದವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಗದ್ದೆಯಿಂದ ನೇರವಾಗಿ ಬಂದವರು ಗೊಣಗುತ್ತಾ ನೀರಿಗಿಳಿದು ಕೆಸರು ತೊಳೆದುಕೊಳ್ಳುತ್ತಿದ್ದರು. ಗೊಣಗಿದರೂ, ಪರ ಊರಿನ ನೆಂಟರು ಬಂದಾಗ ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು. ನಮ್ಮ ಲಾಂಚಿನಲ್ಲಿ ಅನ್ನ ಬಡಿಸಿಕೊಂಡು ಉಣ್ಣಬಹುದು ಎನ್ನುತ್ತಿದ್ದರು.

ಒಂದು ದಿನ ಲಾಂಚಿನ ಎಂಜಿನ್ ನಿಂತಿತು. ಬಿಚ್ಚಿ ನೋಡಿದರೆ ಒಳಗೆ ತಿರುಗುವ ದಂಡವೇ ಮುರಿದಿತ್ತು. ಅದು ಹಳೆಯ ಜಾತಿಯ ಎಂಜಿನ್. ಅಂಥದನ್ನು ತಯಾರಿಸುವುದನ್ನು ಕಂಪನಿ ಎಂದೋ ನಿಲ್ಲಿಸಿತ್ತು. ಬೇರೆ ಜಾತಿಯದನ್ನು ಕೂರಿಸಬೇಕಾದರೆ ಲಾಂಚಿನ ಅಡಿಯನ್ನೇ ಕೊಯ್ಯಬೇಕು. ಉಳಿದದ್ದು ಒಂದೇ ದಾರಿ. ಗುಜರಿಗೆ ಬಂದ ಯಾವುದಾದರೂ ಹಳೆಯ ಲಾರಿಯಿಂದ ಅದೇ ಜಾತಿಯ ಎಂಜಿನ್ನನ್ನು ಹುಡುಕಿ ತಂದು, ಪೂರ್ತಿ ಬಿಚ್ಚಿ, ಹೊಸದಾಗಿ ಕಟ್ಟಬೇಕು. ಅವನಿಗೆ ಆ ಕೆಲಸ ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು.

ಆಚೆ ದಡದವರು ಕೂತು ಮಾತನಾಡಿದರು. ಅಷ್ಟರಲ್ಲಿ ಬೇರೊಬ್ಬ ದೋಣಿಯವನು ಬಂದು, ಕಡವನ್ನು ನನಗೆ ಕೊಡಿ, ನಾಳೆಯಿಂದಲೇ ನಡೆಸುತ್ತೇನೆ ಎಂದು ಕೇಳಿ ಹೋಗಿದ್ದ. ಹಿರಿಯರು ಲಾಂಚಿನವನನ್ನು ಕರೆಸಿದರು.

"ನಿನ್ನ ತಂದೆಯ ಮುಖ ನೋಡಿ ಕಾಯುತ್ತೇವೆ. ಗಾಳಿಯ ತಿಂಗಳು ಹಿಡಿಯುವ ಮೊದಲು ಲಾಂಚು ನೀರಿಗಿಳಿಯಬೇಕು. ಇಳಿದ ಮೇಲೆ ನಡುನೀರಿನಲ್ಲಿ ನಿಲ್ಲಬಾರದು. ಮಾತು ಕೊಡುತ್ತೀಯಾ?"

"ಕೊಟ್ಟೆ," ಎಂದ ಲಾಂಚಿನವನು.

ಅಲ್ಲಿಯವರೆಗೆ ಅವರು ಬೆಟ್ಟ ಬಳಸಿ ನಡೆದರು. ಬಸುರಿಯರನ್ನು ಡೋಲಿಯಲ್ಲಿ ಹೊತ್ತು ನಡೆದರು. ಬೇರೆ ದೋಣಿಯವನನ್ನು ಕರೆಯಲಿಲ್ಲ.

ಲಾಂಚಿನವನು ದೊಡ್ಡ ಪೇಟೆಯ ಗುಜರಿ ಬೀದಿಗೆ ಹೋದ. ಹಳೆಯ ಲಾರಿಗಳನ್ನು ಕಡಿದು ಬಿಡಿಬಿಡಿಯಾಗಿ ಮಾರುವ ಬೀದಿ ಅದು. ಆ ಬೀದಿಗೆ ಅದರದೇ ಆದ ಒಂದು ಕಟ್ಟಳೆ ಇತ್ತು. ಮಾರುವವನು ಎಂಜಿನ್ನಿನ ದೋಷವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಒರೆಸುವುದೂ ಇಲ್ಲ. ಲಾರಿಯ ಹೊಟ್ಟೆಯಿಂದ ಹೇಗೆ ಇಳಿಯಿತೋ ಹಾಗೆಯೇ, ಅದರ ಮಣ್ಣು, ಅದರ ಮಸಿ, ಅದರ ಹಳೆಯ ಎಣ್ಣೆಯ ಸಮೇತ ಅಂಗಡಿಯ ಮುಂದೆ ಇಡುತ್ತಾನೆ. ಕೊಳ್ಳುವವನು ಬಗ್ಗಿ ನೋಡಬೇಕು, ಮುಟ್ಟಬೇಕು, ಮೂಸಬೇಕು. ಹೊಸಬನೊಬ್ಬ ಅಂಗಡಿ ತೆರೆದು ಎಂಜಿನ್ನುಗಳನ್ನು ಒರೆಸಿ ಬಣ್ಣ ಬಳಿದು ಇಟ್ಟಾಗ, ಬೀದಿಯವರೇ ಹೋಗಿ ಬಾಗಿಲು ಹಾಕಿಸಿದ್ದರು.

ಲಾಂಚಿನವನಿಗೆ ಬೇಕಾದ ಜಾತಿಯ ಎಂಜಿನ್ ಒಂದು ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವನು ಮಾತುಗಾರ. ಎಲೆ ಅಡಿಕೆ ಜಗಿಯುತ್ತಾ ಅದನ್ನು ಕಾಲಿನಿಂದ ತೋರಿಸಿದ. ಮೈತುಂಬ ಜಿಡ್ಡು, ಮಣ್ಣು, ಎಣ್ಣೆಯ ಕರೆ. ಲಾಂಚಿನವನು ಎರಡು ಹೆಜ್ಜೆ ಹಿಂದೆ ಸರಿದು ಮೂಗಿಗೆ ಕರವಸ್ತ್ರ ಹಿಡಿದ.

"ಇಂಥದನ್ನು ಮುಟ್ಟಿ ನೋಡುವುದು ಹೇಗೆ? ಮೊದಲು ಇದನ್ನು ತೊಳೆಸಿ."

"ತೊಳೆಸುವುದೇ?" ಅಂಗಡಿಯವನು ಜಗಿಯುವುದನ್ನು ನಿಲ್ಲಿಸಿದ. "ಯಜಮಾನರೇ, ತಾವು ಎಂಜಿನ್ ನೋಡಲು ಬಂದಿದ್ದೀರೋ, ಹೆಣ್ಣು ನೋಡಲು ಬಂದಿದ್ದೀರೋ? ಹೇಳಿಬಿಡಿ, ಹೂವನ್ನೂ ಮುಡಿಸುತ್ತೇನೆ."

ಅಕ್ಕಪಕ್ಕದ ಅಂಗಡಿಯವರು ನಕ್ಕರು. ಲಾಂಚಿನವನು ನಗಲಿಲ್ಲ.

"ನನ್ನ ಲಾಂಚಿಗೆ ಕಾಲು ತೊಳೆಯದೆ ಮನುಷ್ಯರೇ ಹತ್ತುವುದಿಲ್ಲ."

"ಹತ್ತಿಸುವಾಗ ತೊಳೆಯಿರಿ, ಯಾರು ಬೇಡವೆಂದರು? ಈಗ ಹೀಗೆಯೇ ನೋಡಿ. ಇಲ್ಲಿ ಎಲ್ಲರೂ ಹೀಗೆಯೇ ನೋಡುವುದು."

"ಎಲ್ಲರ ಹಾಗೆ ನೋಡುವವನು ನಾನಲ್ಲ. ತೊಳೆಸುತ್ತೀರೋ, ಮುಂದಿನ ಅಂಗಡಿಗೆ ಹೋಗಲೋ?"

ಅಂಗಡಿಯವನು ಎಲೆ ಅಡಿಕೆ ಉಗಿದು ಬಂದ. "ತೊಳೆಸುತ್ತೇನೆ. ಆದರೆ ತೊಳೆಸಿದ್ದು ನೀವು, ನಾನಲ್ಲ. ನಾಳೆ ನನ್ನ ಮೇಲೆ ಮಾತು ಬರಬಾರದು."

"ಬರುವುದಿಲ್ಲ."

"ಕೇಳಿದಿರಲ್ಲಪ್ಪಾ ಎಲ್ಲರೂ!" ಎಂದು ಅಂಗಡಿಯವನು ಬೀದಿಗೆ ಕೇಳುವಂತೆ ಕೂಗಿದ. ಬೀದಿಯವರು ಕೇಳಿದೆವು ಎಂದರು.

ಆಳುಗಳು ಬಂದರು. ಸೀಮೆಎಣ್ಣೆ ಸುರಿದು, ಸೋಡಾಪುಡಿಯ ಬಿಸಿನೀರು ಎರಚಿ, ಬ್ರಷ್ಷಿನಿಂದ ತಿಕ್ಕಿದರು. ಒಳಗಿದ್ದ ಹಳೆಯ ಎಣ್ಣೆಯನ್ನೂ ಬಸಿದು ಚೆಲ್ಲುವಂತೆ ಲಾಂಚಿನವನು ಹೇಳಿದ. ಅದರ ನಾತ ಅವನಿಗೆ ಸಹಿಸಲಾಗಲಿಲ್ಲ. ಅದು ಡಬ್ಬಿಗೆ ಇಳಿಯುವಾಗ ಅವನು ಬೇರೆ ಕಡೆಗೆ ತಿರುಗಿ ನಿಂತಿದ್ದ. ಹೊಸ ಎಣ್ಣೆ ಹಾಕಿಸಿದ. ಕೊನೆಗೆ ಎಂಜಿನ್ ಆಗತಾನೆ ಎರಕ ಹೊಯ್ದಂತೆ ಕಾಣಿಸಿತು. ಆಗ ಅವನು ಹತ್ತಿರ ಹೋದ.

ಕತೆ ಇಲ್ಲಿಗೆ ಬಂದಾಗ ಶಾಂಭವಮ್ಮ ತಡೆದರು.

"ಕ್ಷಮಿಸಿ, ಬುದ್ಧಿ. ತೊಳೆಸಿದ್ದು ಸರಿಯಾಗಿಯೇ ಇದೆಯಲ್ಲ? ಕೊಳೆ ಮೆತ್ತಿದ ವಸ್ತುವನ್ನು ಯಾರಾದರೂ ಹೇಗೆ ಪರೀಕ್ಷಿಸುತ್ತಾರೆ? ನಾನಾಗಿದ್ದರೂ ಹಾಗೆಯೇ ಹೇಳುತ್ತಿದ್ದೆ."

ಗುರುಗಳು ಕತೆಯನ್ನು ಮುಂದುವರಿಸಿದರು.

ಅವನ ಪರೀಕ್ಷೆಯನ್ನು ನೋಡಲು ಬೀದಿಯವರು ಸುತ್ತ ನೆರೆದರು. ನಗುತ್ತಿದ್ದವರು ಸ್ವಲ್ಪ ಹೊತ್ತಿಗೆ ನಗುವುದನ್ನು ಬಿಟ್ಟರು. ಅಷ್ಟು ಶ್ರದ್ಧೆಯಿಂದ ಎಂಜಿನ್ ನೋಡಿದವರನ್ನು ಅವರು ಕಂಡಿರಲಿಲ್ಲ. ಅವನು ತನ್ನ ಅಳತೆಯ ಸಾಮಾನುಗಳನ್ನು ಊರಿನಿಂದಲೇ ತಂದಿದ್ದ. ಕೈಯಿಂದ ದಂಡವನ್ನು ತಿರುಗಿಸಿದ. ಎಲ್ಲಿಯೂ ಹಿಡಿಯಲಿಲ್ಲ. ಹಿಂದಕ್ಕೂ ಮುಂದಕ್ಕೂ ಎಳೆದು ಸಡಿಲವಿದೆಯೇ ಎಂದು ನೋಡಿದ. ಮೇಲಿನ ಮುಚ್ಚಳ ಬಿಚ್ಚಿಸಿ, ಒಂದೊಂದು ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ ಅಳೆದ. ಸವೆದಿತ್ತು, ಆದರೆ ಒಂದೇ ಸಮನಾಗಿ ಸವೆದಿತ್ತು. ಹಾಗೆ ಸವೆದದ್ದನ್ನು ಸರಿಮಾಡಬಹುದು. ಚಿಕ್ಕ ಸುತ್ತಿಗೆಯಿಂದ ಗೋಡೆಗಳನ್ನು ತಟ್ಟಿ ಕಿವಿಗೊಟ್ಟು ಕೇಳಿದ. ನೀರು ಹರಿಯುವ ದಾರಿಗಳಲ್ಲಿ ತಣ್ಣೀರು ತುಂಬಿಸಿ, ಊಟಕ್ಕೂ ಹೋಗದೆ ಪಕ್ಕದಲ್ಲಿ ಕುಳಿತು ಕಾದ. ಒಂದು ಹನಿಯೂ ಹೊರಗೆ ಬರಲಿಲ್ಲ. ಕೊನೆಗೆ ಬಿಳಿಯ ಬಟ್ಟೆಯಿಂದ ಎಂಜಿನ್ನಿನ ಮೈಯನ್ನು ಒರೆಸಿ ನೋಡಿದ. ಬಟ್ಟೆ ಬೆಳ್ಳಗೇ ಉಳಿಯಿತು.

"ಇದರಲ್ಲಿ ದೋಷವಿಲ್ಲ," ಎಂದ.

"ಹಾಗೆಂದು ನೀವು ಹೇಳಿದಿರಿ," ಎಂದ ಅಂಗಡಿಯವನು.

ಲಾಂಚಿನವನು ಎಂಜಿನ್ನನ್ನು ಕೊಂಡು, ಕಡವಿನ ಬಳಿಯ ತನ್ನ ಕೊಟ್ಟಿಗೆಗೆ ತಂದ. ಪೂರ್ತಿ ಬಿಚ್ಚಿದ. ಸವೆದ ಭಾಗಗಳನ್ನೆಲ್ಲ ತೆಗೆದು ಹೊಸದು ಹಾಕಿದ. ಒಂದು ಬೋಲ್ಟನ್ನೂ ಬೇರೆಯವರ ಕೈಗೆ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಹೊರಮೈಗೆ ದಪ್ಪನಾದ ಹಸಿರು ಬಣ್ಣ ಬಳಿದ. ಒಣಗಿದ ಮೇಲೆ ಇನ್ನೊಮ್ಮೆ ಬಳಿದ.

ಬಣ್ಣ ಬಳಿಯುವ ಹೊತ್ತಿನಲ್ಲಿ ಅವನ ಹೆಂಡತಿ ಮಜ್ಜಿಗೆ ತಂದಳು. ಬಾಗಿಲಲ್ಲೇ ನಿಂತು ಎಂಜಿನ್ನನ್ನು ನೋಡಿದಳು.

"ಅಲ್ಲ, ಇಷ್ಟು ಚೆನ್ನಾಗಿರುವುದನ್ನು ಲಾರಿಯವರು ಯಾಕೆ ಇಳಿಸಿದರಂತೆ?"

"ಲಾರಿ ಎಲ್ಲಿಯೋ ಗುದ್ದಿಕೊಂಡಿರಬಹುದು."

"ಗುದ್ದಿದ ಗುರುತಿತ್ತೇ? ನೀವು ಮೊದಲು ನೋಡಿದಾಗ ಹೇಗಿತ್ತು?"

"ಕೊಳಕಾಗಿತ್ತು. ಅದರಲ್ಲಿ ಗುರುತು ಹುಡುಕುತ್ತಾ ಯಾರು ಕೂರುತ್ತಾರೆ? ಮಜ್ಜಿಗೆ ಅಲ್ಲಿಟ್ಟು ಹೋಗು. ಒಳಗೆ ಬಂದು ಚೆಲ್ಲಬೇಡ."

ಅವಳು ಇನ್ನೂ ಏನೋ ಕೇಳಬೇಕೆಂದಿದ್ದಳು. ಹೊಸಿಲಿನ ಹೊರಗೆ ಲೋಟ ಇಟ್ಟು ಹೋದಳು.

ಗಾಳಿಯ ತಿಂಗಳಿಗೆ ಮೊದಲೇ ಲಾಂಚು ನೀರಿಗಿಳಿಯಿತು. ಕೊಟ್ಟ ಮಾತಿನ ಅರ್ಧ ನಡೆದಂತಾಯಿತು. ದಡದ ಬಳಿ ಓಡಿಸಿ ನೋಡಿದ. ಎಂಜಿನ್ ಒಂದೇ ಶ್ರುತಿಯಲ್ಲಿ ಓಡಿತು. ಬೆಳಗ್ಗೆ, ನೀರು ಇನ್ನೂ ಅಲುಗದಿದ್ದಾಗ, ಖಾಲಿ ಲಾಂಚನ್ನು ನಿಧಾನವಾಗಿ ಆಚೆ ದಡಕ್ಕೆ ಒಯ್ದ. ಅಲ್ಲಿ ಎಲ್ಲ ಹಳ್ಳಿಗಳವರು ಬಂದು ಕಾಯುತ್ತಿದ್ದರು. ಒಳ್ಳೆಯ ಬಟ್ಟೆ ಉಟ್ಟುಕೊಂಡು, ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಆ ದಿನ ಅವನು ಹೇಳುವ ಮೊದಲೇ ಎಲ್ಲರೂ ಕಾಲು ತೊಳೆದುಕೊಂಡರು. "ಬನ್ನಿ ಬನ್ನಿ, ಇಲ್ಲದಿದ್ದರೆ ಧಣಿಗಳು ನೀರಿಗೇ ಎತ್ತಿಹಾಕುತ್ತಾರೆ," ಎಂದು ಒಬ್ಬಳು ಮುದುಕಿ ಹೇಳಿದಳು. ಅವನೂ ನಕ್ಕ.

ತುಂಬಿದ ಲಾಂಚು ನಡುನೀರಿಗೆ ಬಂದಾಗ ಗಾಳಿ ಎದ್ದಿತು. ಆ ವರ್ಷ ಗಾಳಿ ಸ್ವಲ್ಪ ಮೊದಲೇ ಬಂತು. ಅದು ಎದುರುಗಾಳಿ. ಲಾಂಚು ಮುಂದೆ ಹೋಗಬೇಕಾದರೆ ಎಂಜಿನ್ ಪೂರ್ತಿ ಶಕ್ತಿಯಿಂದ ದುಡಿಯಬೇಕಾಗಿತ್ತು. ಅವನು ದುಡಿಸಿದ. ಸ್ವಲ್ಪ ಹೊತ್ತಿಗೆ ಬಣ್ಣ ಸುಟ್ಟ ವಾಸನೆ ಬಂತು. ಆಮೇಲೆ ಹಬೆ ಎದ್ದಿತು. ಅವನು ಎಣ್ಣೆಯ ಕಡ್ಡಿ ಎಳೆದು ನೋಡಿದ. ಎಣ್ಣೆ ಬೆಳ್ಳಗೆ ನೊರೆಯಾಗಿತ್ತು. ನೀರು ಎಣ್ಣೆಗೆ ಸೇರಿತ್ತು. ಕಡ್ಡಿಯನ್ನು ಹಿಂದಕ್ಕೆ ಇಡುವ ಮೊದಲೇ ಒಳಗಿನ ದಂಡ ಕಚ್ಚಿಕೊಂಡಿತು. ಎಂಜಿನ್ ನಿಂತಿತು.

ಗಾಳಿ ಲಾಂಚನ್ನು ಮುಳುಗಿದ ಕಾಡಿನ ಕಡೆಗೆ ತಳ್ಳಿತು. ನೀರಿನ ಕೆಳಗೆ ನಿಂತಿದ್ದ ಒಂದು ಬೊಡ್ಡೆ ಅದರ ಹೊಟ್ಟೆಯನ್ನು ಸೀಳಿತು. ಜನ ಕೂಗಿಕೊಂಡರು. ಮೀನು ಹಿಡಿಯುವವರು ಎರಡೂ ದಡಗಳಿಂದ ತಮ್ಮ ಸಣ್ಣ ದೋಣಿಗಳನ್ನು ತಂದು ಒಬ್ಬೊಬ್ಬರನ್ನಾಗಿ ಇಳಿಸಿಕೊಂಡರು. ಮಕ್ಕಳನ್ನು ಮೊದಲು, ಮುದುಕರನ್ನು ಆಮೇಲೆ. ಲಾಂಚಿನವನು ಕೊನೆಗೆ ಇಳಿದ. ಜನ ಉಳಿದರು. ಲಾಂಚು ಉಳಿಯಲಿಲ್ಲ.

ದಡದಲ್ಲಿ ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಆಚೆ ದಡದ ಹಿರಿಯನೊಬ್ಬ ತನ್ನ ಪಂಚೆಯ ನೀರು ಹಿಂಡುತ್ತಾ, ಅವನನ್ನು ನೋಡದೆ ಹೇಳಿದ:

"ನಿನ್ನ ಮಾತಿನ ಮೇಲೆ ಮೊಮ್ಮಕ್ಕಳನ್ನು ಹತ್ತಿಸಿದ್ದೆ."

ಅಷ್ಟೇ ಹೇಳಿ ಹೋದ. ಕಡವು ಬೇರೆಯವನ ಪಾಲಾಯಿತು. ಆ ಬೇರೆಯವನ ದೋಣಿಯನ್ನು ಹತ್ತಲೂ ಆ ಜನಕ್ಕೆ ಬಹಳ ದಿನ ಧೈರ್ಯ ಬರಲಿಲ್ಲ. ಗಾಳಿಯ ತಿಂಗಳೆಲ್ಲ ಅವರು ಬೆಟ್ಟ ಬಳಸಿ ನಡೆದರು. ಆ ಸಾಲು ಈಚೆ ದಡಕ್ಕೆ ಕಾಣಿಸುತ್ತಿತ್ತು. ಲಾಂಚಿನವನು ಮನೆಯ ಆ ಕಡೆಯ ಕಿಟಕಿಯನ್ನು ಮುಚ್ಚಿಸಿದ.

ಬೇಸಗೆಯಲ್ಲಿ ನೀರು ಇಳಿದಾಗ ಒಡೆದ ಲಾಂಚು ಮೇಲೆ ಕಾಣಿಸಿತು. ಅವನು ಎಂಜಿನ್ನನ್ನು ಬಿಚ್ಚಿ ದಡಕ್ಕೆ ಎಳೆಸಿದ. ಬಣ್ಣ ಸುಲಿದುಹೋಗಿತ್ತು. ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಇತ್ತು. ಅದು ಹೊರಗಿನಿಂದ ಒಳಗಿನವರೆಗೆ ಹೋಗಿತ್ತು. ಒಡೆದು ನೋಡಿದ. ಬಿರುಕಿನ ತಳದಲ್ಲಿ ಹಳೆಯ ತುಕ್ಕು ಗಟ್ಟಿಯಾಗಿ ಕೂತಿತ್ತು. ಅದು ಅವನ ಲಾಂಚಿನಲ್ಲಿ ಆದ ಬಿರುಕಲ್ಲ. ಲಾರಿಯಲ್ಲಿದ್ದಾಗಲೇ ಆದದ್ದು. ತಣ್ಣಗಿರುವಾಗ ಅದು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ಕಾದಾಗ ಮಾತ್ರ ಬಾಯಿ ತೆರೆಯುತ್ತಿತ್ತು.

ಅವನು ಆ ಚೂರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗುಜರಿ ಬೀದಿಗೆ ಹೋದ.

"ಇದು ನಿನಗೆ ಗೊತ್ತಿತ್ತು," ಎಂದ.

ಅಂಗಡಿಯವನು ಚೂರನ್ನು ತಿರುಗಿಸಿ ನೋಡಿದ. ಈ ಸಲ ತಮಾಷೆ ಮಾಡಲಿಲ್ಲ.

"ಗೊತ್ತಿರಲಿಲ್ಲ, ಯಜಮಾನರೇ. ನಾನು ಯಾವುದನ್ನೂ ಹತ್ತಿರದಿಂದ ನೋಡುವುದಿಲ್ಲ. ನೋಡಿದರೆ ಹೇಳಬೇಕೆನ್ನಿಸುತ್ತದೆ, ಹೇಳಿದರೆ ವ್ಯಾಪಾರ ನಡೆಯುವುದಿಲ್ಲ. ನೋಡುವುದು ಕೊಳ್ಳುವವರ ಕೆಲಸ. ಒರೆಸದೆ ಇಡುವುದು ನನ್ನ ಕೆಲಸ. ಅದೊಂದು ಕೆಲಸವನ್ನು ನಾನು ನೆಟ್ಟಗೆ ಮಾಡುತ್ತೇನೆ. ಅವತ್ತು ನೀವು ಮಾಡಲು ಬಿಡಲಿಲ್ಲ."

"ಒರೆಸದಿದ್ದರೆ ನನಗೆ ಏನು ಕಾಣಿಸುತ್ತಿತ್ತು?"

"ನನ್ನನ್ನು ಕೇಳಬೇಡಿ. ಅಗೋ, ಅಲ್ಲೊಂದು ನಿನ್ನೆ ಇಳಿದಿದೆ. ಅದೇ ಜಾತಿಯದು. ಹೋಗಿ ನೋಡಿಕೊಳ್ಳಿ."

ಲಾಂಚಿನವನು ಆ ಎಂಜಿನ್ನಿನ ಮುಂದೆ ಹೋಗಿ ನಿಂತ. ಅಂಥ ಕೊಳಕಿನ ಅಷ್ಟು ಹತ್ತಿರ ಅವನು ಹೋದದ್ದು ಅದೇ ಮೊದಲು. ಮೊದಲು ಎಲ್ಲವೂ ಒಂದೇ ಕಪ್ಪಾಗಿ ಕಾಣಿಸಿತು. ನೋಡುತ್ತಾ ನಿಂತಂತೆ ಕಪ್ಪು ಬೇರೆಬೇರೆಯಾಯಿತು. ಇಲ್ಲಿ ಮಣ್ಣು ಒಣಗಿದೆ. ಇಲ್ಲಿ ಎಣ್ಣೆ ಸೋರಿ ಧೂಳು ಅಂಟಿದೆ. ಇಲ್ಲಿ ಯಾರೋ ಬಿಚ್ಚಿ ಮತ್ತೆ ಹಾಕಿದ್ದಾರೆ. ಪಕ್ಕದ ಗೋಡೆಯ ಮೇಲೆ, ಅಷ್ಟು ಮಸಿಯ ನಡುವೆ, ಮೇಲಿನಿಂದ ಕೆಳಕ್ಕೆ ಒಂದು ಬಿಳಿಚಿದ ಗೆರೆ ಇಳಿದಿತ್ತು. ಬಹಳ ಕಾಲ ಬಿಸಿನೀರು ಸ್ವಲ್ಪಸ್ವಲ್ಪವೇ ಜಿನುಗಿ, ಒಣಗಿ, ಮತ್ತೆ ಜಿನುಗಿ ಆದ ಗೆರೆ. ಅವನು ಬರಿಗೈಯಿಂದ ಆ ಗೆರೆಯನ್ನು ಹಿಡಿದು ಮೇಲಕ್ಕೆ ಹೋದ. ಗೆರೆ ಹುಟ್ಟಿದ ಜಾಗದಲ್ಲಿ ಉಗುರಿಗೆ ಬಿರುಕು ಸಿಕ್ಕಿತು. ಎಣ್ಣೆಯ ಮುಚ್ಚಳ ತೆಗೆದ. ಅದರ ಒಳಗೆ ಬೆಣ್ಣೆಯಂಥ ಬಿಳಿ ಮೆತ್ತಿಕೊಂಡಿತ್ತು.

ಅದನ್ನು ಕಾಣಲು ಅಳತೆಯ ಸಾಮಾನು ಬೇಕಾಗಿರಲಿಲ್ಲ.

ತಾನು ಕೊಂಡ ಎಂಜಿನ್ನಿನ ಮೇಲೂ ಇಂಥ ಗೆರೆ ಇತ್ತೇ ಎಂದು ಅವನು ನೆನಪಿಸಿಕೊಳ್ಳಲು ಪ್ರಯತ್ನಿಸಿದ. ಇದ್ದಿರಬೇಕು. ಯಾವ ಪಕ್ಕದಲ್ಲಿತ್ತು, ಎಲ್ಲಿಂದ ಇಳಿದಿತ್ತು? ಎಷ್ಟು ಯೋಚಿಸಿದರೂ ಕಣ್ಣಿಗೆ ಬಂದದ್ದು ತೊಳೆದ ಮೇಲಿನ ಎಂಜಿನ್ ಮಾತ್ರ. ಅದಕ್ಕೆ ಮೊದಲಿನದನ್ನು ಅವನು ನೋಡಿಯೇ ಇರಲಿಲ್ಲ. ಬಸಿದ ಎಣ್ಣೆಯ ಬಣ್ಣ ಯಾವುದೆಂದು ಕೇಳಿದರೆ ಅದೂ ಅವನಿಗೆ ಗೊತ್ತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಆ ಎಂಜಿನ್ ಮೈಮೇಲೆಯೇ ಹೊತ್ತುಕೊಂಡು ಅವನ ಮುಂದೆ ಬಂದಿತ್ತು. ಅದನ್ನೆಲ್ಲ ಕಳೆದುಕೊಂಡು ಬಾ, ಆಮೇಲೆ ನಿನ್ನನ್ನು ನೋಡುತ್ತೇನೆ ಎಂದು ಅವನೇ ಹೇಳಿದ್ದ.

ಆ ಬೀದಿಯಲ್ಲಿ ಅವನು ಬಹಳ ಹೊತ್ತು ನಿಂತಿದ್ದ. ಅವನ ಕೈ ಕಪ್ಪಾಗಿತ್ತು. ಒರೆಸಿಕೊಳ್ಳಲು ಅಂಗಡಿಯವನು ಬಟ್ಟೆ ಕೊಟ್ಟ. ಅವನು ತೆಗೆದುಕೊಳ್ಳಲಿಲ್ಲ.

ಗುರುಗಳು ನಿಲ್ಲಿಸಿದರು. ಮಠದ ಅಂಗಳದಲ್ಲಿ ಯಾರೋ ಕಸ ಗುಡಿಸುತ್ತಿದ್ದ ಸದ್ದು ಕೇಳಿಸುತ್ತಿತ್ತು.

ಶಾಂಭವಮ್ಮ ಕುಳಿತ ಭಂಗಿಯನ್ನು ಬದಲಿಸಲಿಲ್ಲ. ಅಷ್ಟೇ ಸ್ಪಷ್ಟವಾದ ಧ್ವನಿಯಲ್ಲಿ ಹೇಳಿದರು:

"ಕತೆ ತಿಳಿಯಿತು, ಬುದ್ಧಿ. ಅವನ ತಪ್ಪೂ ತಿಳಿಯಿತು. ಆದರೆ ನಾನು ನನ್ನ ಮಗಳನ್ನು ಎಂದೂ ಹಾಗೆ ದೂರ ನಿಲ್ಲಿಸಿದವಳಲ್ಲ. ಅವಳು ಬರುವ ದಿನ ನಾನೇ ಬಾಗಿಲಲ್ಲಿ ಕಾಯುತ್ತಿದ್ದೆ. ಬಸ್ಸಿಳಿದು ಬಂದವಳನ್ನು ಮೊದಲು ನೋಡುತ್ತಿದ್ದವಳು ನಾನೇ. ಒಂದು ಸಲವಾದರೂ ಅವಳ ಕಣ್ಣು ಕೆಂಪಾಗಿದ್ದುದನ್ನು ನಾನು ಕಾಣಲಿಲ್ಲ."

ಗುರುಗಳು ಅವರನ್ನೇ ನೋಡಿ ಮೆಲ್ಲಗೆ ಕೇಳಿದರು:

"ನಿಮ್ಮ ಬಾಗಿಲಿಗೆ ಬರುವ ಮೊದಲು ಅವಳು ಎಲ್ಲಿ ಮುಖ ತೊಳೆದುಕೊಳ್ಳುತ್ತಿದ್ದಳು, ತಾಯಿ?"